ಕುಕ್ಕರಿನ ಪಕ್ಕ ಕೂಸಿನ ಡಬ್ಬಿ

ನನ್ನ ಗಂಡ ಕೆಟ್ಟ ಯಂತ್ರವನ್ನು ಎಸೆಯುವ ಜಾತಿಯವರಲ್ಲ. ಪುಣೆಯ ಧನಕವಡಿಯಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಬಾಲ್ಕನಿಯ ಕಂಬಿಗೆ ಬಿಗಿದ ಸ್ಕೂಟರಿನ ಕನ್ನಡಿ. ಗೇಟಿಗೆ ಯಾರು ಬಂದರೆಂದು ಬಗ್ಗಿ ನೋಡುವ ಕಷ್ಟ ಅದರಿಂದ ತಪ್ಪಿತ್ತು. ಮಳೆಗಾಲದಲ್ಲಿ ಮಗಳ ಸಾಕ್ಸು ಹೇರ್ ಡ್ರೈಯರಿನಲ್ಲಿ ಒಣಗುತ್ತಿತ್ತು. ಸತ್ತ ಕಂಪ್ಯೂಟರಿನ ಪುಟ್ಟ ಫ್ಯಾನು ಬಚ್ಚಲಿನ ಕಿಟಕಿಯಲ್ಲಿ ತಿರುಗುತ್ತಿತ್ತು. "ಇದು ಮನಿ ಏನು, ಗುಜರಿ ಅಂಗಡಿ ಏನು?" ಎಂದು ನಾನು ರೇಗುತ್ತಿದ್ದೆ. ಈಗ ಎಲ್ಲದಕ್ಕೂ ಹೊಸ ಯಂತ್ರ ಬಂದಿದೆ. ಹೇಳಿದ ಮಾತು ಕೇಳಿ ದೀಪ ಆರಿಸುವ ಯಂತ್ರವೂ ಬಂದಿದೆ. ಆದರೂ ಆ ಗುಜರಿಯ ಕಾಲವೇ ನನಗೆ ಚೆಂದ. ಆಗ ಅತ್ತೆ ಇದ್ದರು.

ಅತ್ತೆ ಧಾರವಾಡದ ಕಡೆಯವರು. ಅರ್ಧ ಆಯುಷ್ಯ ಪುಣೆಯಲ್ಲಿ ಕಳೆದರೂ ಜೋಳದ ರೊಟ್ಟಿ ಇಲ್ಲದ ಊಟ ಅವರಿಗೆ ಊಟವೇ ಅಲ್ಲ. ಕೈಯಲ್ಲೇ ಬಡಿಯಬೇಕು, ಉರಿಯ ಮೇಲೆ ಉಬ್ಬಬೇಕು. ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂತು. ಶ್ರವಣಯಂತ್ರ ತಂದುಕೊಟ್ಟರೆ, "ಕಿವ್ಯಾಗ ಜೀರುಂಡಿ ಕುಂತಂಗ ಆಗತದ" ಎಂದು ತೆಗೆದು ಟ್ರಂಕಿನಲ್ಲಿಟ್ಟರು. ಒಂದು ಮಧ್ಯಾಹ್ನ ಅವರೊಬ್ಬರೇ ಇದ್ದಾಗ ಕುಕ್ಕರು ಸೀಟಿ ಹೊಡೆದದ್ದೇ ಹೊಡೆದದ್ದು. ಅತ್ತೆ ಹಾಲಿನಲ್ಲಿ ಮೆಂತ್ಯ ಬಿಡಿಸುತ್ತ ಕೂತಿದ್ದರು. ನೀರು ಆರಿ, ವಾಲ್ವ್ ಹಾರಿ, ಬೇಳೆಯೆಲ್ಲ ಛಾವಣಿಗೆ ಅಂಟಿತು. ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವರಿಗೆ ಗೊತ್ತಾದದ್ದು.

ಗಂಡ ಹೆದರಿಬಿಟ್ಟರು. ಹೆದರಿಕೆಯಾದರೆ ಅವರಿಗೆ ಬರುವುದು ಸಿಟ್ಟು. "ಇನ್ನ ನೀ ಗ್ಯಾಸ್ ಮುಟ್ಟಬ್ಯಾಡ ಅವ್ವ. ತಾನಽ ಬಂದ್ ಆಗೂ ಕರೆಂಟ್ ಒಲಿ ತರತೀನಿ," ಎಂದು ಕೂಗಿದರು.

"ಅದರ ಮ್ಯಾಲೆ ರೊಟ್ಟಿ ಉಬ್ಬತದೇನು?" ಅತ್ತೆ ಕೇಳಿದರು. ಗಂಡ ಎದ್ದು ಹೋದರು. ಆಮೇಲೆ ಅತ್ತೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಒಲಿ ಒಂದು ಬಿಡಸಬ್ಯಾಡ್ರೆವಾ. ಆಮ್ಯಾಲೆ ನಾ ಈ ಮನ್ಯಾಗ ಏನು ಮಾಡ್ಲಿ?" ಎಂದರು. ಮೆಲ್ಲಗೆ ಎಂದು ಅವರು ಅಂದುಕೊಂಡದ್ದು. ಕೆಳಗಿನ ಮನೆಗೂ ಕೇಳಿಸಿರಬೇಕು. ನನಗೆ ಕಣ್ಣು ತುಂಬಿ ಬಂತು.

ಉಪಾಯ ಹೊಳೆದದ್ದು ನನಗೆ. ಮಗಳು ಕೂಸಾಗಿದ್ದಾಗ ಬಳಸಿದ ಜೋಡಿ ಡಬ್ಬಿ ಗಂಡನ ಗುಜರಿಯಲ್ಲಿತ್ತು. ತೊಟ್ಟಿಲ ಬಳಿ ಇಟ್ಟ ಡಬ್ಬಿಗೆ ಅಳು ಕೇಳಿಸಿದರೆ, ನಮ್ಮ ಬಳಿ ಇರುವ ಡಬ್ಬಿಯಲ್ಲಿ ಸಾಲು ದೀಪ ಹತ್ತುತ್ತಿದ್ದವು. ಸಣ್ಣ ಸದ್ದಿಗೆ ಹಸಿರು, ಜೋರಾದರೆ ಕೆಂಪು. ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಡಬ್ಬಿ ಗಟ್ಟಿಯಾಗಿತ್ತು. ಒಂದನ್ನು ಕುಕ್ಕರಿನ ಪಕ್ಕ ಇಟ್ಟು, ಇನ್ನೊಂದನ್ನು ಅತ್ತೆಗೆ ಕೊಟ್ಟೆವು. ಸೀಟಿ ಹೊಡೆದಾಗ ದೀಪ ಕೆಂಪಗಾಗುತ್ತಿತ್ತು. ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು, ಮೂರಾದ ಕೂಡಲೇ ಗ್ಯಾಸ್ ಆರಿಸುತ್ತಿದ್ದರು. "ಕೂಸಿನ ಡಬ್ಬಿ ಭಾಳ ಶಾಣ್ಯಾ ಅದ" ಎಂದು ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ಗಂಡನ ಹಮ್ಮು ನೋಡಬೇಕಿತ್ತು. ಉಪಾಯ ನನ್ನದಾದರೂ ಗುಜರಿ ಅವರದು ತಾನೇ!

ಆ ನೆಮ್ಮದಿ ಬಹಳ ದಿನ ಇರಲಿಲ್ಲ. ಬೇಳೆ ಹಸಿಹಸಿಯಾಗಿ ಉಳಿಯತೊಡಗಿತು. ಅದೇ ಹೊತ್ತಿಗೆ ಕೆಳಗಿನ ಮನೆಯ ಮರಾಠಿ ಕಾಕೂ ಮೆಟ್ಟಿಲಲ್ಲಿ ತಡೆದು, "ವಹಿನಿ, ವರ್ ತೋಡ್‌ಫೋಡ್ ಚಾಲು ಆಹೆ ಕಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಗೋಡೆ ಒಡೆಯುತ್ತಿಲ್ಲ ಎಂದು ತುಸು ಖಾರವಾಗಿಯೇ ಹೇಳಿ ಬಂದೆ. ಭಾನುವಾರ ಊಟಕ್ಕೆ ಕೂತ ಗಂಡ ತುತ್ತನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. "ಸಾಕು ಅವ್ವ. ಈಗ ಎಣಸೂದೂ ತಪ್ಪಾಕತ್ತದ." ಅತ್ತೆ ತುಟಿ ನೋಡಿಯೇ ಅರ್ಥ ಮಾಡಿಕೊಂಡರು. ಅವತ್ತೇ ಕರೆಂಟ್ ಒಲೆಗೆ ಆರ್ಡರ್ ಹೋಯಿತು.

ಮರುದಿನ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಂದು ಒಲೆಯ ಮೇಲೆ ಕುಕ್ಕರು, ಪಕ್ಕದ್ದರ ಮೇಲೆ ಹಂಚು. ಎದುರಿಗೆ ಮಸಾಲೆ ಡಬ್ಬಿಗೆ ಒರಗಿಸಿಟ್ಟ ದೀಪದ ಡಬ್ಬಿ. ಅತ್ತೆ ರೊಟ್ಟಿ ಬಡಿಯಲು ಶುರು ಮಾಡಿದರು. ಅಬ್ಬಾ, ಅದೇನು ಬಡಿತ! ಕಟ್ಟೆಯ ಮೇಲಿನ ಲೋಟಗಳೆಲ್ಲ ಕುಣಿದವು. ದೀಪ ಕೆಂಪಗೆ ಉರಿದು, ರೊಟ್ಟಿ ಹಂಚಿಗೆ ಬಿದ್ದ ಮೇಲೆ ಆರಿತು. ಅತ್ತೆ ಒಂದು ಬೆರಳು ಮಡಚಿದರು. ಇನ್ನೊಂದು ರೊಟ್ಟಿ, ಇನ್ನೊಂದು ಬೆರಳು. ಮೂರನೆಯದಾದ ಮೇಲೆ ಕುಕ್ಕರಿನ ಗ್ಯಾಸ್ ಆರಿಸಿಬಿಟ್ಟರು. ಕುಕ್ಕರು ಅಲ್ಲಿಯವರೆಗೆ ಬಾಯೇ ಬಿಟ್ಟಿರಲಿಲ್ಲ.

ನಾನು ನಗು ತಡೆಯಲಾರದೆ ಓಡಿಹೋಗಿ, ಮುಂದಿನ ರೊಟ್ಟಿಗೆ ಎತ್ತಿದ ಕೈ ಹಿಡಿದುಕೊಂಡೆ. ದೀಪ ಆರಿತು. ಬಿಟ್ಟೆ. ಅವರು ಬಡಿದರು, ಮತ್ತೆ ಕೆಂಪು. ಅತ್ತೆಗೆ ತಿಳಿಯಿತು, ಅವರೂ ನಕ್ಕರು. ಆಮೇಲೆ ನಗು ನಿಂತಿತು. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಹಸಿರು ನೋಡಿದರು, ಅಂಗೈಯಿಂದ ಬಡಿದು ಕೆಂಪು ನೋಡಿದರು.

"ಇಷ್ಟು ಸಪ್ಪಳ ಆಗತದೇನು ಇನ್ನೂ?" ಎಂದರು. "ನನಗ ಕೇಳೂದಽ ಇಲ್ಲ. ಕೈಯಾಗಿನ ಕಸುವು ಹೋತು ಅಂತ ತಿಳದಿದ್ದೆ. ಅದಕ್ಕಽ ದಿನಾ ಇನ್ನಷ್ಟು ಜೋರ ಬಡೀತಿದ್ದೆ."

ಎಷ್ಟು ದಿನದಿಂದ ಈ ಹೆಂಗಸು ಒಬ್ಬಳೇ ಈ ಸಂಕಟ ನುಂಗಿಕೊಂಡಿದ್ದಳೋ! ನಾನು ಅವರ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತೆ. ಮೊದಲು ಕುಕ್ಕರು ಇಳಿಯಬೇಕು, ಆಮೇಲೆಯೇ ರೊಟ್ಟಿ ಎಂದು ಇಬ್ಬರೂ ಕೂಡಿ ನಿಯಮ ಮಾಡಿಕೊಂಡೆವು.

ಕರೆಂಟ್ ಒಲೆ ಬಂದ ಸಂಜೆ ಗಂಡ ಅದರ ಪೆಟ್ಟಿಗೆ ಹಿಡಿದುಕೊಂಡೇ ಅಡುಗೆಮನೆಗೆ ಬಂದರು. ಅಷ್ಟರಲ್ಲಿ ನಾನು ಅವರಿಗೆ ಎಲ್ಲವನ್ನೂ ಹೇಳಿದ್ದೆ. ಕುಕ್ಕರು ಇಳಿದಿತ್ತು, ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅತ್ತೆ ಹಸಿರು ದಾಟದ ಹಾಗೆ ಹಗುರಾಗಿ ರೊಟ್ಟಿ ಬಡಿಯುತ್ತಿದ್ದರು. ಗಂಡ ಕೊನೆಯ ರೊಟ್ಟಿ ಮುಗಿಯುವವರೆಗೂ ನೋಡಿ, ತಮ್ಮಷ್ಟಕ್ಕೇ ಎಂಬಂತೆ, "ಒಲಿ ನಿನಗಽ ಇರಲಿ ಅವ್ವ" ಎಂದರು.

ಅತ್ತೆ ಕೈ ತೊಳೆಯುತ್ತಿದ್ದರು. ಒಂದು ಹಸಿರು ದೀಪ ಹತ್ತಿದ್ದು ಕಂಡು, ಬೆನ್ನು ತಿರುಗಿಸಿಕೊಂಡೇ, "ಯಾರೋ ಏನೋ ಅಂದ್ರಿ. ಏನದು?" ಎಂದರು.

ಹೇಳಿದ್ದನ್ನೇ ಮತ್ತೆ ಹೇಳುವುದೆಂದರೆ ಗಂಡನಿಗೆ ಆಗುತ್ತಿರಲಿಲ್ಲ. ಅವತ್ತು ಪೆಟ್ಟಿಗೆ ನೆಲಕ್ಕಿಟ್ಟು, ಅವ್ವನ ಕಿವಿಯ ಹತ್ತಿರ ಬಾಗಿ ಕೂಗಿದರು: "ಒಲಿ ನಿಂದಽ ಅವ್ವ! ಯಾರೂ ಬಿಡಸೂದಿಲ್ಲ!"

ದೀಪಗಳೆಲ್ಲ ಕೆಂಪಾದವು.

"ಒದರಬ್ಯಾಡೋ," ಅತ್ತೆ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು. "ಸೀಟಿ ಅಂತ ತಿಳದು ಗ್ಯಾಸ್ ಆರಿಸಿಬಿಡ್ತೀನಿ."