ಕೆಟ್ಟಿದ್ದರೆ ಕೊಡಿ, ಬಕ್ಕೇಶಪ್ಪ ಆಡುತ್ತಾರೆ

ಮೊಬೈಲಿನಲ್ಲಿ ಚೆಸ್ ಪಜಲ್ ಬಿಡಿಸಲು ಶುರುಮಾಡಿದ ಮೊದಲ ಮೂರು ತಿಂಗಳು, ಆ ಕಡೆ ಯಾರೋ ಜೀವಂತ ಮನುಷ್ಯರೇ ಕೂತು ತನ್ನ ಜೊತೆ ಆಡುತ್ತಿದ್ದಾರೆಂದು ಮಾರುತಿ ನಂಬಿದ್ದ. ಫೋನ್ ತೆರೆದರೆ ಸಾಕು, ಎದುರಾಳಿ ಆಗಲೇ ಏನೋ ಎಡವಟ್ಟು ಮಾಡಿಕೊಂಡಿರುತ್ತಿದ್ದ. ಇವನು ಎರಡು ನಡೆ ನಡೆಸಿದರೆ ಅವನ ರಾಜ ಸಿಕ್ಕಿಬೀಳುತ್ತಿದ್ದ. ಹೀಗೆ ಸಾವಿರದ ನೂರು ಜನರನ್ನು ಸೋಲಿಸಿದ ಮೇಲೆ ಮಾರುತಿಗೆ ಅವರ ಮೇಲೆ ಕನಿಕರವೇ ಹುಟ್ಟಿತು. ‘ಪಾಪ, ಇವತ್ತಿಗೆ ಸಾಕು’ ಎಂದು ಒಂದು ದಿನ ಅರ್ಧಕ್ಕೇ ಬಿಟ್ಟದ್ದೂ ಉಂಟು.

“ಅದು ತಾಲೀಮು ಕಣೋ,” ಎಂದು ಗೆಳೆಯ ಜಮಾಲುದ್ದೀನ್ ಕಣ್ಣು ತೆರೆಸಿದ. “ಯಾರೋ ಯಾವತ್ತೋ ಆಡಿ ಕೆಡಿಸಿದ ಆಟನ ನಿನ್ ಮುಂದೆ ಇಡ್ತಾರೆ. ಆ ಕಡೆ ಯಾರೂ ಇಲ್ಲ. ಇರೋನು ನೀನೊಬ್ನೇ.”

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ವಿದ್ಯಾನಗರದ ಕೊರಿಯರ್ ಆಫೀಸಿನಲ್ಲಿ ಪಾರ್ಸಲ್ ಸ್ಕ್ಯಾನ್ ಮಾಡುವ ಈ ವೀರ ಹರಿಹರದ ಚೆಸ್ ತಂಡಕ್ಕೆ ತನ್ನನ್ನು ತಾನೇ ಕ್ಯಾಪ್ಟನ್ ಮಾಡಿಕೊಂಡಿದ್ದ. ಸಾಲದ್ದಕ್ಕೆ ತನ್ನ ಬೀದಿಯ ಬಕ್ಕೇಶಪ್ಪನವರಿಗೂ ಕಾಯಿ ನಡೆಸುವುದನ್ನು ಹತ್ತು ನಿಮಿಷದಲ್ಲಿ ಕಲಿಸಿ, ಅವರ ಫೋನಿಗೆ ಅದೇ ಆ್ಯಪ್ ಹಾಕಿಕೊಟ್ಟಿದ್ದ. ಆನೆ ನೆಟ್ಟಗೆ, ಒಂಟೆ ಓರೆ, ಕುದುರೆ ಎರಡೂವರೆ ಮನೆ. ಪಾಠ ಅಷ್ಟೇ.

ಬಕ್ಕೇಶಪ್ಪನವರಿಗೆ ಅರವತ್ತೊಂದು. ಹರಿಹರದಲ್ಲಿ ಮೂವತ್ತೈದು ವರ್ಷದಿಂದ ಮೋಟಾರ್ ವೈಂಡಿಂಗ್ ಅಂಗಡಿ. ಸಾರಥಿ, ಮಲೆಬೆನ್ನೂರಿನಂಥ ಊರುಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಬಿಚ್ಚುವ ಮೊದಲು ಬಕ್ಕೇಶಪ್ಪ ಬಗ್ಗಿ ಒಂದು ಸಲ ಮೂಸುತ್ತಾರೆ. ತಂದವರು ಕತೆ ಶುರುಮಾಡಿದರೆ, “ಹೆಂಗೆ ಸುಡ್ತು ಅಂತ ಹೇಳಬ್ಯಾಡ್ರಿ, ಸುಳ್ಳೇ ಹೇಳ್ತೀರಿ. ಇಟ್ಟು ಹೋಗ್ರಿ,” ಎನ್ನುತ್ತಾರೆ. ಹೊಸ ತಂತಿ ಸುತ್ತಿ, ವಾರ್ನಿಷ್ ಹೊಡೆದು, ಅದು ಒಣಗುವವರೆಗೆ ಏನು ಮಾಡುವುದು? ಪಜಲ್. ಒಂದು ದಿನವೂ ತಪ್ಪದೆ ನಾನೂರು ದಿನ. ಆ್ಯಪ್ ಕೊಡುವ ಅಂಕದಲ್ಲಿ ಮಾರುತಿ ಸಾವಿರದ ನಾನೂರರಲ್ಲಿ ಏದುಸಿರು ಬಿಡುತ್ತಿದ್ದಾಗ ಅವರದು ಎರಡು ಸಾವಿರದ ನೂರು ದಾಟಿತ್ತು.

ದಾವಣಗೆರೆಯ ಪಂದ್ಯಕ್ಕೆ ತಂಡದಲ್ಲಿ ಮೂವರಿರಬೇಕು. ಮೂರನೆಯವನು ಕೈಕೊಟ್ಟಿದ್ದ. ಎರಡು ವರ್ಷದಿಂದ ಜಮಾಲುದ್ದೀನ್ ಒಬ್ಬನೇ ಅಷ್ಟಿಷ್ಟು ಅಂಕ ತಂದು ತಂದು ಬೇಸತ್ತಿದ್ದ. “ಈ ಸಲ ನೀನೋ, ನೀನು ಕರ್ಕೊಂಡು ಬರೋನೋ, ಒಂದೇ ಒಂದಾಟ ಗೆಲ್ರಿ. ಇಲ್ಲಾಂದ್ರೆ ಮುಂದಿನ ವರ್ಷ ನಾನು ದಾವಣಗೆರೆ ತಂಡದಾಗೆ ಕೂಡ್ತೀನಿ,” ಎಂದ. ಅವನು ಹೋದರೆ ಹರಿಹರದ ತಂಡ ಅಂತ ಉಳಿಯುವುದು ಮಾರುತಿಯೊಬ್ಬನೇ. ಅದಕ್ಕೆ ಮಾರುತಿ ಎರಡು ಸಾವಿರದ ನೂರನ್ನು ಭಾನುವಾರ ಬೆಳಿಗ್ಗೆ ಬಸ್ ಹತ್ತಿಸಿದ.

ಮೊದಲ ಸುತ್ತು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಬಕ್ಕೇಶಪ್ಪನವರಿಗೆ ಬಿಳಿ ಕಾಯಿ. ಕೈಕಟ್ಟಿ ಕೂತರು. ಐದು ನಿಮಿಷವಾಯಿತು, ಹತ್ತಾಯಿತು. ಕಾಯಿಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತೇ ಇದ್ದವು. ಬಕ್ಕೇಶಪ್ಪ ಬಗ್ಗಿ ಹಲಗೆಯನ್ನು ಮೂಸಿದಂತೆ ಮಾಡಿ, ಪಕ್ಕದ ಹಲಗೆಯಲ್ಲಿದ್ದ ಮಾರುತಿಗೆ ಕೇಳುವಂತೆ, “ಇದರಾಗೆ ಏನೂ ಕೆಟ್ಟಿಲ್ವಲ್ಲೋ,” ಎಂದರು.

“ಮಾತಾಡಂಗಿಲ್ರೀ ಯಜಮಾನ್ರೆ,” ಎಂದರು ತೀರ್ಪುಗಾರರು.

ಟೈಮ್ ಮುಗಿಯಿತು. ಒಂದೂ ಕಾಯಿ ಕದಲಿಸದೆ ಸೋತರು.

“ಮಾವ, ಏನ್ರೀ ಇದು! ಒಂದು ಸೈನಿಕನ್ನಾದ್ರೂ ಮುಂದಕ್ಕೆ ತಳ್ಳಬಾರ್ದಾ?” ಹೊರಗೆ ಬಂದ ಮಾರುತಿ ಕೂಗಾಡಿದ.

“ಯಾಕ ತಳ್ಳಲಿ? ಎಲ್ಲ ಸರಿಯಾಗೇ ಐತಲ್ಲ.”

ಮಾರುತಿಗೆ ಆಗ ಹೊಳೆಯಿತು. ಫೋನಿನ ಪಜಲ್ ಎಲ್ಲ ಯುದ್ಧದ ನಡುವೆ ಶುರುವಾಗುತ್ತವೆ. ಈ ಮನುಷ್ಯ ನಾನೂರು ದಿನದಲ್ಲಿ ಒಂದು ಆಟವನ್ನೂ ಮೊದಲಿನಿಂದ ಆಡಿಯೇ ಇಲ್ಲ. ಇದನ್ನು ಒಂದು ಸಲವೂ ಕೇಳದೆ ಕರೆತಂದ ಕ್ಯಾಪ್ಟನ್ ತಲೆಯ ಮೇಲೆ ಕೈಹೊತ್ತು ಕೂತ. ಬಕ್ಕೇಶಪ್ಪ ಮಂಡಕ್ಕಿ ತಿನ್ನುತ್ತಾ ಎರಡು ಪಜಲ್ ಬಿಡಿಸಿದರು.

ಎರಡನೆಯ ಸುತ್ತಿನಲ್ಲಿ ಐದು ನಡೆ ನಡೆಸಿ ಮತ್ತೆ ಟೈಮ್ ಮುಗಿದು ಸೋತರು. ಮಾರುತಿಯೂ ಎರಡೂ ಆಟ ಸೋತಿದ್ದ. ಅದನ್ನು ಯಾರೂ ಕೇಳದಿರಲಿ ಎಂದು ಬಕ್ಕೇಶಪ್ಪನವರನ್ನು ಇನ್ನೂ ಜೋರಾಗಿ ಬೈಯುತ್ತಿದ್ದ. ಜಮಾಲುದ್ದೀನ್ ಎರಡು ಡ್ರಾ ಮಾಡಿಕೊಂಡು ಇವರನ್ನೇ ನೋಡುತ್ತಿದ್ದ. ಉಳಿದದ್ದು ಒಂದೇ ಸುತ್ತು.

“ಮಾವ, ಕೈ ಮುಗೀತೀನಿ. ಮೊದಲ ಹತ್ತು ನಡೆ ಯೋಚ್ನೆ ಮಾಡಬ್ಯಾಡ್ರಿ. ಏನಾದ್ರೂ ತಳ್ರಿ. ಕೆಡೋದು ತಾನಾಗೇ ಕೆಡ್ತೈತೆ.”

“ಹಂಗಂತ ಮೊದ್ಲೇ ಹೇಳೋದಲ್ವಾ?” ಎಂದರು ಬಕ್ಕೇಶಪ್ಪ.

ಎದುರಿಗೆ ಆಲಿಯಾ ಎಂಬ ಕಾಲೇಜು ಹುಡುಗಿ. ಬಕ್ಕೇಶಪ್ಪ ಕಣ್ಣಿಗೆ ಬಿದ್ದದ್ದನ್ನು ತಳ್ಳಿದರು. ಹನ್ನೆರಡನೆಯ ನಡೆಯ ಹೊತ್ತಿಗೆ ಅವರ ಒಂದು ಒಂಟೆ, ಇಬ್ಬರು ಸೈನಿಕರು ಹೋಗಿ, ರಾಜ ಬಯಲಿನಲ್ಲಿ ನಿಂತಿದ್ದ. ಆಗ ಅವರ ಮೂಗು ಅರಳಿತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮಂತ್ರಿಯನ್ನೇ ಆ ಹುಡುಗಿಯ ಆನೆಯ ಬಾಯಿಗೆ ಕೊಟ್ಟರು. ಆನೆ ಮಂತ್ರಿಯನ್ನು ತಿಂದು ತನ್ನದೇ ರಾಜನ ಪಕ್ಕಕ್ಕೇ ಬಂದು ನಿಂತಿತು. ತನ್ನವರ ನಡುವೆಯೇ ಸಿಕ್ಕಿಕೊಂಡ ರಾಜನಿಗೆ ಬಕ್ಕೇಶಪ್ಪನವರ ಕುದುರೆ ಎರಡೂವರೆ ಮನೆ ಹಾರಿ ಮೇಟ್ ಕೊಟ್ಟಿತು.

ಪಕ್ಕದ ಹಲಗೆಯಲ್ಲಿ ಇದನ್ನು ನೋಡಿ ಮೈ ಬಿಸಿಯಾದ ಮಾರುತಿಯೂ ತನ್ನ ಮಂತ್ರಿಯನ್ನು ಕೊಟ್ಟ. ಎದುರಾಳಿ ಅದನ್ನು ತೆಗೆದುಕೊಂಡು, ಪೆಟ್ಟಿಗೆಗೆ ಹಾಕಿ, ಆಟ ಮುಂದುವರಿಸಿದ. ಅಷ್ಟೇ. ಅದರ ಹಿಂದೆ ಬೇರೇನೂ ಇರಲಿಲ್ಲ.

ಜಮಾಲುದ್ದೀನ್ ಮಾತಿಗೆ ತಪ್ಪುವವನಲ್ಲ. “ಸರಿ, ಇರ್ತೀನಿ. ಆದ್ರೆ ಬಕ್ಕೇಶಪ್ಪಾರು ಬಂದ್ರೆ ಮಾತ್ರ,” ಎಂದು ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ನಿದ್ದೆ ಹೋದ.

ಹರಿಹರ ಹತ್ತಿರವಾಗುತ್ತಿತ್ತು. ಬಕ್ಕೇಶಪ್ಪ ಫೋನಿನಲ್ಲಿ ಮುಳುಗಿದ್ದರು. ತುಂಬಾ ಹೊತ್ತು ತಡೆದುಕೊಂಡಿದ್ದ ಮಾರುತಿ ಕೊನೆಗೆ ಕೇಳಿಯೇಬಿಟ್ಟ: “ಮಾವ, ನಿಮ್ಮ ಪಕ್ಕದಾಗೇ ಆಡಿದ್ನಲ್ಲ, ನೋಡಿದ್ರಲ್ಲ. ಖರೇ ಹೇಳ್ರಿ, ನನ್ನ ಆಟದಾಗೆ ಕೆಟ್ಟಿದ್ದು ಏನು?”

ಬಕ್ಕೇಶಪ್ಪ ತಲೆ ಎತ್ತಲಿಲ್ಲ.

“ಏನೂ ಕೆಟ್ಟಿರ್ಲಿಲ್ಲೋ ಮಾರುತಿ. ಓಡೋ ಮೋಟಾರನ್ನ ನೀನೇ ಬಿಚ್ಚಿದೆ.”