ಹಲಗೆಯ ಆಚೆ ತುದಿ

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಬಲ್ಲರು. ಅವನ ಹೆಂಡತಿಯ ಕೋಪ ಎಲ್ಲಿರುತ್ತದೆ ಎಂದು ಯಾರೂ ಕೇಳಿದವರಲ್ಲ. ಅದು ಅವಳ ಎಡ ಭುಜದಲ್ಲಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಕರೆಂಟು ಗರಗಸದ ಮೇಜು. ಅದರ ಈಚೆಯಿಂದ ಗಂಡ ಉದ್ದ ಹಲಗೆ ತಳ್ಳುವುದು, ಆಚೆ ತುದಿ ಬಾಗದಂತೆ ಇವಳು ಎಡ ಭುಜ ಕೊಟ್ಟು ಹಿಡಿಯುವುದು. ಮದುವೆಯಾದಾಗಿನಿಂದ ಇದೇ. ಒಲೆಯ ಮೇಲೆ ಹಾಲಿದ್ದರೂ, ಮೈಯಲ್ಲಿ ಜ್ವರವಿದ್ದರೂ ಕರೆದಾಗ ಓಡಬೇಕು. ಕೊಯ್ದ ಅಂಚು ನೇರವಾಗಿ ಬಂದರೆ ಅವನ ಕೈಚಳಕ. ಬ್ಲೇಡಿಗೆ ಉಜ್ಜಿ ಸುಟ್ಟು ಕಪ್ಪಾದರೆ ಇವಳು ಪಕ್ಕಕ್ಕೆ ಎಳೆದಳಂತೆ. ಕೇಳಿ ಕೇಳಿ ಅವಳಿಗೇ ತನ್ನ ಕೈಯ ಮೇಲೆ ಅನುಮಾನ ಬಂದಿತ್ತು. ಹೊಟ್ಟೆ ಉರಿಸುವುದು ಅದೇ.

ಒಂದು ದಿನ ಕಪಾಟು ಮಾಡಿಸಲು ಬಂದ ಗಿರಾಕಿ ಸುಟ್ಟ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದ. ಬಡಗಿ ಹಲ್ಲು ಕಿರಿದು, ಏನು ಮಾಡೋದು ಸ್ವಾಮಿ, ಕಟ್ಟಿಕೊಂಡವಳ ಕೈಯೇ ಸೊಟ್ಟ ಎಂದುಬಿಟ್ಟ. ಗಿರಾಕಿಯೂ ನಕ್ಕ. ಅವಳು ಹಲಗೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು.

ಮರುದಿನ ಗುಜರಿಯಿಂದ ದಪ್ಪ ಪೈಪಿನ ತುಂಡು, ಕಬ್ಬಿಣದ ಸರಳು, ಎರಡು ಬೇರಿಂಗು ತಂದಳು. ಪೈಪಿನ ಎರಡು ಬಾಯಿಗೂ ಬೇರಿಂಗು ಕೂರಿಸಿ, ನಡುವೆ ಸರಳು ತೂರಿಸಿ, ಕೈ ಸೋಕಿದರೆ ತಿರುಗುವ ರೋಲರು ಮಾಡಿದಳು. ಮಿಕ್ಕ ಮರದ ತುಂಡುಗಳಿಂದ ಅಗಲ ಕಾಲುಗಳ ಸ್ಟ್ಯಾಂಡು ಕಟ್ಟಿ ಅದರ ಮೇಲೆ ಇದನ್ನು ಕೂರಿಸಿ, ಮೇಜಿನ ಆಚೆ ತಾನು ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟಳು. ಇಷ್ಟು ದೊಡ್ಡ ಲಟ್ಟಣಿಗೆ ಯಾರಿಗೆ ಎಂದು ಗಂಡ ಗೇಲಿ ಮಾಡಿದ. ಮೊದಲು ಎತ್ತರ ಜಾಸ್ತಿಯಾಗಿ ಹಲಗೆ ರೋಲರಿಗೆ ಡಿಕ್ಕಿ ಹೊಡೆಯಿತು. ಅವಳು ಕಾಲು ಕೊಯ್ದು, ಮೇಜಿನಿಂದ ರೋಲರಿನವರೆಗೆ ನೇರ ಪಟ್ಟಿಯಿಟ್ಟು ಮಟ್ಟ ನೋಡಿ, ಮೂಲೆಮಟ್ಟ ಹಿಡಿದು ರೋಲರನ್ನು ಬ್ಲೇಡಿಗೆ ಸರಿಯಾಗಿ ಅಡ್ಡಲಾಗಿ ನಿಲ್ಲಿಸಿದಳು.

"ಇವತ್ತು ನಾನು ಮುಟ್ಟಲ್ಲ. ಕೊಯ್ದು ತೋರಿಸಿ," ಎಂದಳು.

ಅವನು ಕೊಯ್ದ. ಹಲಗೆ ರೋಲರಿನ ಮೇಲೆ ಸಲೀಸಾಗಿ ಸಾಗಿತು. ಅಂಚು ಮಾತ್ರ ಮತ್ತೆ ಕಪ್ಪು.

ಬಡಗಿ ಸ್ಟ್ಯಾಂಡಿಗೆ ಒದ್ದ. ಸೊಟ್ಟ ಮುಂಡೇದು, ಪಕ್ಕಕ್ಕೆ ಎಳೆಯುತ್ತದೆ, ನೆಟ್ಟಗೆ ನಿಲ್ಲಲು ಬರುವುದಿಲ್ಲ ಎಂದು ಬೈಯತೊಡಗಿದ. ಅವಳು ಕಿವಿಗೊಟ್ಟು ಕೇಳಿದಳು. ಒಂದು ಮಾತೂ ಹೊಸದಲ್ಲ; ಇಷ್ಟು ವರ್ಷ ಅವಳಿಗೆ ಬಿದ್ದ ಮಾತುಗಳೇ ಈಗ ಪೈಪಿಗೆ ಬೀಳುತ್ತಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವಳು ಸ್ವಿಚ್ಚು ಆರಿಸಿ, ಟೇಪು ತೆಗೆದುಕೊಂಡು, ಹಲಗೆ ಒರಗಿ ಸಾಗುವ ಗೈಡ್ ಪಟ್ಟಿಗೂ ಬ್ಲೇಡಿಗೂ ನಡುವಿನ ಅಂತರ ಅಳೆದಳು. ಮುಂದೆ ಸರಿಯಾಗಿತ್ತು. ಹಿಂದೆ ಒಂದು ನಾಣ್ಯದ ದಪ್ಪದಷ್ಟು ಕಡಿಮೆ. ಹಲಗೆ ಬ್ಲೇಡಿಗೆ ಸಿಕ್ಕಿಕೊಂಡು ಸುಡದೆ ಇನ್ನೇನಾದೀತು? ಮುಂದೆ ಮಾತ್ರ ಅಳತೆ ನೋಡಿ, ಬೋಲ್ಟು ಬಿಗಿದು, ಪಟ್ಟಿಗೆ ಅಂಗೈಯಿಂದ ಒಂದೇಟು ಕೊಡುವುದು ಗಂಡನ ಠೀವಿ. ಆ ಏಟಿಗೆ ಹಿಂದಿನ ತುದಿ ಎಷ್ಟೋ ಸಲ ಒಳಕ್ಕೆ ಜರುಗುತ್ತಿತ್ತು.

ಅವಳು ಬೋಲ್ಟು ಸಡಿಲಿಸಿ, ಎರಡೂ ಕಡೆ ಸರಿಹೊಂದಿಸಿ, ತಾನೇ ಒಂದು ಹಲಗೆ ತಳ್ಳಿದಳು. ಅಂಚು ಬೆಳ್ಳಗೆ ಬಂತು.

"ನನ್ನ ಕೈ ಸೊಟ್ಟ ಅಂತ ಊರಿಗೆಲ್ಲ ಹೇಳಿದ್ರಲ್ಲ, ಒಂದು ಸಲವಾದ್ರೂ ಹಿಂದುಗಡೆ ಅಳೆದು ನೋಡಿದ್ರಾ?"

ಬಡಗಿ ಗಂಟಲು ಸರಿಮಾಡಿಕೊಂಡ. "ಆಯ್ತು ಬಿಡೇ. ಈಗ ಸರಿಹೋಯ್ತಲ್ಲ."

"ಸರಿಹೋಗಿದ್ದು ಗರಗಸ," ಎಂದು ಅವಳು ಮುಂದಿನ ಹಲಗೆ ಎತ್ತಿಕೊಂಡಳು.

ಅವನು ಅಲ್ಲೇ ತಡವರಿಸಿದ. ಆಚೆ ತುದಿಯಲ್ಲಿ ಸ್ಟ್ಯಾಂಡಿತ್ತು, ಈಚೆ ತುದಿಯಲ್ಲಿ ಅವಳಿದ್ದಳು. ತಾನು ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ.