ರೆಗ್ಯುಲೇಟರ್ ಸದನಕ್ಕೆ ಹೋದದ್ದು

ಸಂಸದೆಯ ಕಚೇರಿಯಲ್ಲಿ ಭಾಷಣ ಬರೆಯುತ್ತಿದ್ದ ಅವನನ್ನು ಗಿಳಿಮರಿ ಎನ್ನುತ್ತಿದ್ದರು. ಅವನು ಬರೆದುಕೊಟ್ಟದ್ದನ್ನು ಸಂಸದೆ ಸದನದಲ್ಲಿ ಓದುತ್ತಿದ್ದರಾದ್ದರಿಂದ ನಿಜವಾದ ಗಿಳಿ ಯಾರೆಂಬ ಅನುಮಾನ ಅವನಿಗಿತ್ತು. ಆದರೆ ಸಂಬಳ ಕೊಡುವವರನ್ನು ಹಾಗೆಲ್ಲ ಕರೆಯಲಾಗುವುದಿಲ್ಲ. ಬಾಡಿಗೆ ಕೋಣೆ, ಇಸ್ತ್ರಿ ಕಾಣದ ಅಂಗಿ, ದೇಶಕ್ಕೇ ಬುದ್ಧಿ ಹೇಳುತ್ತಿದ್ದೇನೆಂಬ ಹಮ್ಮು, ಇಷ್ಟೇ ಅವನ ಆಸ್ತಿ.

ಮನೆಯೊಳಗಿನ ಹಿಂಸೆಯ ಮಸೂದೆ ಚರ್ಚೆಗೆ ಬಂದಾಗ ಸಂಸದೆ ಒಂದು ತಿದ್ದುಪಡಿಗೆ ಹಟ ಹಿಡಿದರು: ದೂರು ಕೊಟ್ಟ ಹೆಂಗಸನ್ನು ಅವಳಿರುವ ಮನೆಯಿಂದ ಹೊರಹಾಕುವಂತಿಲ್ಲ. ಅವರು ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು.

"ಗಾಯದ ಮಾತಿಗೆ ಅಲ್ಲಿ ಯಾರೂ ತಲೆ ಎತ್ತಲ್ಲಪ್ಪ. ಬೇರೆ ಏನಾದ್ರೂ ಬರಿ" ಅಂದರು.

ಅವನ ಹತ್ತಿರ ಅಂಥದ್ದೊಂದು ಇತ್ತು. ಅದೇ ಊರಿನಲ್ಲಿದ್ದ ಅಕ್ಕನ ಮನೆಯಲ್ಲಿ ಜಗಳವಾದ ದಿನ ಭಾವ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ ಊಟದ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೊರಟುಬಿಡುತ್ತಿದ್ದ. ಸಂಜೆಯವರೆಗೆ ಅಕ್ಕನಿಗೆ ತಣ್ಣೀರೇ ಗತಿ. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡೇ ಅವಳು ತಮ್ಮನಿಗೆ ಹೇಳಿದ್ದಳು. ಅವನು ಬರೆಯುವಾಗ ಹೆಸರು ಹಾಕಲಿಲ್ಲ, ಊರು ಬದಲಿಸಿದ, ಗುಮಾಸ್ತನಾಗಿದ್ದ ಭಾವನನ್ನು ಲಾರಿ ಡ್ರೈವರ್ ಮಾಡಿದ. ರೆಗ್ಯುಲೇಟರನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅದಿಲ್ಲದಿದ್ದರೆ ಭಾಷಣ ಸಪ್ಪೆ.

ಸಂಸದೆ ಅದನ್ನು ಕಾಗದ ನೋಡದೆ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಗಿಯುವವರೆಗೆ ಕಾದು, ಮಾನ್ಯ ಸದಸ್ಯರ ಊಟ ಆಗಿದೆಯೆಂದು ಕಾಣುತ್ತದೆ ಎಂದರು. ತಿದ್ದುಪಡಿ ಪಾಸಾಯಿತು. ಮೇಲೆ ಗ್ಯಾಲರಿಯಲ್ಲಿ ಗಿಳಿಮರಿಯ ಕಾಲು ನೆಲದ ಮೇಲಿರಲಿಲ್ಲ.

ಕಲಾಪ ಟೀವಿಯಲ್ಲಿ ನೇರವಾಗಿ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ ಎಂಬುದು ಅವನದೇ ಹಳೆಯ ತಮಾಷೆ. ಭಾವನ ಕಚೇರಿಯ ಕ್ಯಾಂಟೀನಿನಲ್ಲಿ ಅವತ್ತು ಅದೇ ಓಡುತ್ತಿತ್ತು. ಯಾರ ಬಾಯಲ್ಲಿ ಯಾರ ಮಾತು ಎಂದು ಭಾವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಸಂಜೆ ಅಕ್ಕ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೈ ಖಾಲಿ, ಕಾಲಲ್ಲಿ ಚಪ್ಪಲಿಯಿಲ್ಲ.

"ಲಾರಿ ಡ್ರೈವರ್ ಮಾಡಿದ್ಯಲ್ಲೋ, ಅದಕ್ಕೂ ಸೇರಿಸಿ ಬಿತ್ತು" ಅಂದಳು.

ಅವನಿಗೆ ಹೇಳಲು ಗೊತ್ತಿದ್ದದ್ದು ಒಂದೇ. "ಇನ್ಮೇಲೆ ನಿನ್ನ ಆ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ ಅಕ್ಕ."

"ಯಾವಾಗಿಂದ?"

ಇನ್ನೊಂದು ಸದನ ಒಪ್ಪಬೇಕು, ಸಹಿ ಬೀಳಬೇಕು, ಸರ್ಕಾರ ದಿನ ಗೊತ್ತುಮಾಡಬೇಕು. ಅವನು ಚಾಪೆ ಹಾಸಿದ.

ಮರುದಿನ ಎಲ್ಲ ತಿಳಿದ ಸಂಸದೆ, ಅಕ್ಕನ ಕಣ್ಣಿಗೆ ಏನು ಹಚ್ಚಿದ್ದೀಯ ಎಂದಷ್ಟೇ ಕೇಳಿದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಆಮೇಲೆ ಇನ್ನೊಂದು ಸದನವೂ ಒಪ್ಪಿತು, ಸಹಿಯೂ ಬಿತ್ತು; ಕಾನೂನು ಎಂದಿನಿಂದ ಜಾರಿ ಎಂದು ಅವರು ಈಗ ಪ್ರತಿ ಅಧಿವೇಶನದಲ್ಲೂ ಎದ್ದು ಕೇಳುತ್ತಾರೆ. ಪರಿಶೀಲನೆಯಲ್ಲಿದೆ ಎಂದು ಮಂತ್ರಿ ಕೂರುತ್ತಾರೆ. ಪ್ರಶ್ನೆ ಬರೆಯುವವನು ಗಿಳಿಮರಿಯೇ.

ಅಕ್ಕ ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಅವನು ಹೊರಡುವಾಗ ಕೈಯಲ್ಲಿ ಕಾಗದ ಕಂಡರೆ ಒಲೆ ಆರಿಸಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ.

"ಇದ್ರಲ್ಲಿ ನಾನಿದೀನೇನೋ?"

ಇಲ್ಲವೆಂದರೂ ಇಸಿದುಕೊಂಡು, ಕೊನೆಯ ಸಾಲಿನವರೆಗೆ ಓದಿಯೇ ದಾರಿ ಬಿಡುತ್ತಾಳೆ.